ಮೂರು ಬೆರಳು

ಫೆಬ್ರವರಿಯಲ್ಲಿ ನಾನು ಈ ಮನೆಗೆ ಬರುವುದು
ಹುಲ್ಲಿಗಾಗಿ ಅಲ್ಲ, ಹಾವಸೆಗಾಗಿ.
ಅಸ್ಟೋರಿಯಾದ ಗುಡ್ಡದ ಬಡಗು ಮುಖ, ಸ್ಪ್ರೂಸ್ ಮರದ ನೆರಳು,
ಅಕ್ಟೋಬರಿನಿಂದ ಬಿಡದೆ ಸುರಿದ ನೀರು.
ಊರಿಗೆ ಬಂದ ಮಂಜು ಅಂಗಳಕ್ಕೆ ಬಾರದೆ ಇದ್ದೀತೆ?
ಕಾಲಿಟ್ಟಲ್ಲೆಲ್ಲ ಪಿಚಕ್ ಎನ್ನುತ್ತದೆ ನೆಲ.

ಲೆಂಪಿ ನೀಮೆಲಾ ಕಿಟಕಿಯಿಂದ ಕಾಫಿ ಲೋಟ ತೋರಿಸುತ್ತಾಳೆ,
ಆಮೇಲೆ ಎಂದು ನಾನು ಮೂಟೆ ತೋರಿಸುತ್ತೇನೆ:
ಕಬ್ಬಿಣದ ಉಪ್ಪು.
ಹೋದ ವರ್ಷ ಕೈತಪ್ಪಿ ಮೆಟ್ಟಿಲ ಮೇಲೆ ಚೆಲ್ಲಿದ್ದು
ಇನ್ನೂ ಇದೆ, ತುಕ್ಕು ಬಣ್ಣದ ಒಂದು ಭೂಪಟ.
ಅವಳು ಉಜ್ಜಲಿಲ್ಲ, ಕೂಲಿಯಲ್ಲಿ ಮುರಿದುಕೊಳ್ಳಲಿಲ್ಲ,
ಬಂದವರಿಗೆಲ್ಲ ತೋರಿಸುತ್ತಾಳೆ, ಅಷ್ಟೆ.

ಹತ್ತು ದಿನಕ್ಕೆ ಹಾವಸೆ ಕರ್ರಗೆ.
ಕುಂಟೆ ಹಾಕಿ ಎಳೆದರೆ ಹಳೆಯ ಸ್ವೆಟರಿನ ಹಾಗೆ
ಬಿಚ್ಚಿಕೊಂಡು ಬರುತ್ತದೆ. ಹನ್ನೊಂದು ಚೀಲ.
ಅಡಿಯಲ್ಲಿ ಮಣ್ಣು,
ಈಗಷ್ಟೇ ಕ್ಷೌರ ಮಾಡಿಸಿಕೊಂಡ ಹುಡುಗನ ತಲೆ.

ಆರ್ವಿಡ್ ನೀಮೆಲಾ ಮೂವತ್ತೊಂದು ವರ್ಷ ನದಿಯ ಬಾಯಲ್ಲಿ
ಮರಳ ದಿಬ್ಬ ತಪ್ಪಿಸಿ ಪರದೇಶದ ಹಡಗುಗಳನ್ನು ಒಳಗೆ ತಂದವನು.
ಆಗ ಹುಲ್ಲು ಕೊಯ್ಯುತ್ತಿದ್ದವಳು ಲೆಂಪಿ.
ಡೆಕ್ಕಿನ ಮೇಲಿಂದ ಅವನು ದುರ್ಬೀನು ಎತ್ತಿದರೆ
ಗುಡ್ಡದಲ್ಲಿ ಅಂಚೆಚೀಟಿಯಷ್ಟು ಹಸಿರು, ಅದರಲ್ಲಿ ಪಟ್ಟೆ.
ಪಟ್ಟೆ ನೇರವಾಗಿದ್ದರೆ: ನಿನ್ನ ಅಕ್ಕ ಬಂದಿದ್ದಾಳೆ, ನಿಧಾನವಾಗಿ ಬಾ.
ಓರೆಯಾಗಿದ್ದರೆ: ಬೇಗ.

ಈಗ ಅವನ ಕಣ್ಣಿನ ನಟ್ಟನಡುವೆ ಮಬ್ಬು.
ಅಂಚುಗಳಷ್ಟೇ ಕಾಣುತ್ತವಂತೆ,
ಬಾಗಿಲು ಕಾಣದೆ ಬಾಗಿಲವಾಡ ಕಂಡ ಹಾಗೆ.

ಮೇ ತಿಂಗಳ ಹುಲ್ಲು, ಬೆನ್ನು ತಿರುಗಿಸಿದರೆ ಸಾಕು, ಗೇಣು.
ಅವತ್ತು ನನಗೆ ಇನ್ನೂ ನಾಲ್ಕು ಮನೆ ಬಾಕಿ,
ಹುಲ್ಲು ಒದ್ದೆ, ಬ್ಲೇಡು ಮೊಂಡು.
ಮುಂದಿನ ವಾರ ತಪ್ಪಿಸಿಕೊಳ್ಳೋಣವೆಂದು
ಮಷೀನಿನ ಗಾಲಿ ಒಂದು ಗುಂಡಿ ಕೆಳಗಿಳಿಸಿದ್ದೆ.
ಆರ್ವಿಡ್ ಕಾಲುಚೀಲ ಜೇಬಿಗೆ ತುರುಕಿ ಬರಿಗಾಲಲ್ಲಿ ಇಳಿದ.
ಬೇಲಿಯವರೆಗೆ ನಡೆದು ನಿಂತ.
'ಎರಡು. ನಾನು ಹೇಳಿದ್ದು ಮೂರು ಬೆರಳು.
ಕೊಯ್ದಿಲ್ಲ ನೀನು, ಕಿತ್ತಿದ್ದೀಯ.'
ಇಲ್ಲ, ಮೂರೇ, ಎಂದೆ.
ಅವನು ಕುಕ್ಕರುಗಾಲಲ್ಲಿ ಕೂತು
ಅಂಗೈಯನ್ನು ಅಡ್ಡವಾಗಿ ನೆಲಕ್ಕಿಟ್ಟ.
ಮೂರನೆಯ ಬೆರಳು
ಹುಲ್ಲಿನ ಮೇಲೆ, ಬೆತ್ತಲೆಯಾಗಿ.

ಬ್ಲೇಡು ಮಸೆಸಿದೆ.

ಜುಲೈ, ಆಗಸ್ಟ್, ಒಂದು ಹನಿ ಇಲ್ಲ.
ಹುಲ್ಲೆಲ್ಲ ಬ್ರೆಡ್ಡಿನ ಹೊರಗಂಚಿನ ಬಣ್ಣ.
ಪಕ್ಕದ ಮನೆಯವರು ರಾತ್ರಿ ಹಗಲು ನೀರು ಹಾರಿಸುತ್ತಾರೆ.
'ಸತ್ತಿಲ್ಲ, ಮಲಗಿದೆ. ಎಬ್ಬಿಸಬೇಡ,' ಅನ್ನುತ್ತಾನೆ ಆರ್ವಿಡ್,
ಪೈಪನ್ನು ನನಗೆ ಸಿಗದ ಕಡೆ ಸುತ್ತಿಟ್ಟು.

ಸೆಪ್ಟೆಂಬರಿನ ಮೊದಲ ಮಳೆಯ ರಾತ್ರಿ ಎಲ್ಕ್ ಹಿಂಡು ಹಾದುಹೋಯಿತು.
ಗೊರಸಿನ ಕುಳಿಗಳನ್ನು ಅವನು ಅಂಗಾಲಲ್ಲೇ ಎಣಿಸಿದ:
ಏಳು, ಅದರಲ್ಲೊಂದು ಮರಿ, ಒಂದಕ್ಕೆ ಎಡಗಾಲು ಸರಿಯಿಲ್ಲ.
ಬೀಜ ಮೊದಲು ಆ ಕುಳಿಗಳಿಗೇ ಬಿತ್ತು.
ಮಣ್ಣಿನ್ನೂ ಬೆಚ್ಚಗಿತ್ತು, ಒಂಬತ್ತನೇ ದಿನ ಎಳೆ ಕೂದಲು.
ಆಮೇಲೆ ಸುಣ್ಣ, ಗೊಬ್ಬರ,
ನೆಲದೊಳಗಿನ ಹುಳಕ್ಕಾಗಿ ಇಡೀ ಅಂಗಳ ಕೆದಕಿದ ಸ್ಟಾರ್ಲಿಂಗುಗಳು,
ಅವುಗಳಿಗೆ ನಮ್ಮ ಮೂವರ ಬೈಗುಳ.

ಅಕ್ಟೋಬರಿನ ಕೊನೆ. ವರ್ಷದ ಕೊನೆಯ ಕೊಯ್ಲು.
ನಾನು ದಾರ ಎಳೆಯುವ ಹೊತ್ತಿಗೆ ಲೆಂಪಿ
ಹೊರಗೆ ಬಂದು, ಮಾತಾಡದೆ,
ಗಾಳಿಯಲ್ಲಿ ಕೈಯನ್ನು ಮೂಲೆಯಿಂದ ಮೂಲೆಗೆ ಎಳೆದು ತೋರಿಸಿದಳು.
ಅವನಿಗೆ ಕಾಣುವುದಿಲ್ಲವಲ್ಲ, ಅನ್ನಬೇಕೆಂದುಕೊಂಡೆ.
ಕೊಯ್ದೆ.

ಕೆಳಗೆ ಮಂಜಿನಲ್ಲಿ ಯಾವುದೋ ಹಡಗು ಕೂಗುತ್ತಿತ್ತು.
ಆರ್ವಿಡ್ ಇಳಿದ. ಒಂದು ಪಟ್ಟೆಯ ಹುಲ್ಲು
ಪಾದದ ಕಡೆ ಬಾಗಿದೆ, ಇನ್ನೊಂದರದ್ದು ಆಚೆಗೆ.
ನಾಲ್ಕು ಹೆಜ್ಜೆ. ಹಿಂದೆ ಬಂದು ಮತ್ತೆ ನಾಲ್ಕು.
'ಓರೆ,' ಅಂದ.
'ಯಾರು ಹೇಳಿದ್ದು?'
ನಾನು ಕಿಟಕಿಯತ್ತ ಬೆರಳು ಮಾಡಿದೆ, ಪೆದ್ದು,
ಅವನಿಗೆ ಬೆರಳು ಕಾಣಬೇಕಲ್ಲ.
ಅಷ್ಟರಲ್ಲಿ ಅವನು ತುಕ್ಕಿನ ಮೆಟ್ಟಿಲು ದಾಟಿಯಾಗಿತ್ತು.

ಗಾಲಿಗೆ ಅಂಟಿದ ಹುಲ್ಲು ಒರೆಸುತ್ತ ಬಹಳ ಹೊತ್ತು ಕೂತಿದ್ದೆ.
ಅವತ್ತು ನನಗೆ ಕಿಟಕಿಯಿಂದ
ಯಾರೂ ಕಾಫಿ ತೋರಿಸಲಿಲ್ಲ.