ಇಪ್ಪತ್ತೆಂಟರ ಪುಟ

ಬೋರ್ಡಿನ ಬಲಮೂಲೆಯಲ್ಲಿ ಗೆರೆ ಎಳೆದು
ಮೊಳದಷ್ಟು ಚೌಕ ಬಿಟ್ಟಿದ್ದರು ಚೌಡರೆಡ್ಡಿ ಮೇಷ್ಟ್ರು.
'ಇತಿಹಾಸದಲ್ಲಿ ಈ ದಿನ.' ಕೆಳಗೆ ಒಂದೇ ಸಾಲು.
ಅಕ್ಷರ ಗುಂಡಗಿತ್ತೆಂದು ಐದನೇ ಕ್ಲಾಸಿನಿಂದ
ಆ ಚೌಕ ನನ್ನದು.

ಕೆಂಪು ರೆಕ್ಸಿನ್ನಿನ ಅವರ ಡೈರಿ, ಯಾವ ವರ್ಷದ್ದೋ,
ವಾರದ ಹೆಸರುಗಳನ್ನೆಲ್ಲ ಹೊಡೆದುಹಾಕಿ
ತಾರೀಖು ಮಾತ್ರ ಉಳಿಸಿಕೊಂಡಿದ್ದರು.
ಹಡಗು ಮುಳುಗಿತು. ರಾಜನ ತಲೆ ಉರುಳಿತು.
ಯಾರೋ ಯಾರೊಡನೆಯೋ ಸಂಧಿ ಮಾಡಿಕೊಂಡರು.
ಬರೆದು, ಕೈ ಲಂಗಕ್ಕೆ ಒರೆಸಿಕೊಂಡು ಕೂರುತ್ತಿದ್ದೆ.
ಕಿಟಕಿಯಾಚೆ ಸೈನೈಡ್ ದಿಬ್ಬದ ಧೂಳು;
ಮಧ್ಯಾಹ್ನದ ಹೊತ್ತಿಗೆ ಬೋರ್ಡಿನ ಮೇಲೆ
ಯಾವುದು ಸೀಮೆಸುಣ್ಣ, ಯಾವುದು ದಿಬ್ಬ
ಹೇಳಲಾಗುತ್ತಿರಲಿಲ್ಲ.

ಏಪ್ರಿಲ್ ಇಪ್ಪತ್ತೈದು, ವಿದುರಾಶ್ವತ್ಥ: ಅದೊಂದಕ್ಕೇ ಕೆಂಪು ಶಾಯಿ.
ಬಾವುಟ ಹಿಡಿದವರ ಮೇಲೆ ಗುಂಡು ಹಾರಿದ ದಿನ,
ಆಗಿನ್ನೂ ನಮ್ಮದೇ ಜಿಲ್ಲೆ.
'ರಜೆಯಲ್ಲಿ ಬಂದುಬಿಡುತ್ತೆ, ಯಾರೂ ಓದೋದಿಲ್ಲ' ಎಂದು ಮೇಷ್ಟ್ರಿಗೆ ಸಂಕಟ.
ಬೇಸಿಗೆಗೆ ಡೈರಿಯನ್ನೇ ಕೊಟ್ಟು ಕಳಿಸಿದರು:
'ಮನೇಲಾದ್ರೂ ಗಟ್ಟಿಯಾಗಿ ಓದು.'

ಓದಿದೆ. ಕೇಳಿದವನು ಅಪ್ಪ.
ಹೆಸರು ಏಳುಮಲೈ, ಏಳು ಬೆಟ್ಟ;
ಕೆಲಸ ಚಾಂಪಿಯನ್ ರೀಫಿನಲ್ಲಿ, ಬೆಟ್ಟದ ಬೇರಿನ ಕಡೆ.
ಮೇ ಇಪ್ಪತ್ತೊಂಬತ್ತು: ಎವರೆಸ್ಟ್ ಏರಿದರು.
ಎಷ್ಟಡಿ? ಇಪ್ಪತ್ತೊಂಬತ್ತು ಸಾವಿರ.
ಮೇಲೆ ಏನು ಮಾಡಿದರು? ಬಾವುಟ ನೆಟ್ಟರು.
ನಾವು ದಿಮ್ಮಿ ನೆಡ್ತೀವಿ, ಅಂದ, ತಲೆ ಮೇಲೆ ಬೀಳದ ಹಾಗೆ.
ಸುಮ್ಮನಿದ್ದು ಮತ್ತೆ ಕೇಳಿದ:
ಇಳಿದೋರ ತಾರೀಖು ಯಾವ ಪುಟದಲ್ಲಿದೆ?
ಹಿಂದಿನಿಂದ ಮುಂದಕ್ಕೂ ತಿರುವಿದೆ. ಸಿಗಲಿಲ್ಲ.

ಅವ್ವ ಅಂಜಲೈಗೆ ಡೈರಿ ಬೇಕಿರಲಿಲ್ಲ.
ನೆಲ ಅದುರಿದ ದಿನಗಳಿಂದಲೇ ಅವಳ ಪಂಚಾಂಗ.
'ನೀನು ಹುಟ್ಟಿದ್ದು ಪಾತ್ರೆಯೆಲ್ಲ ಉರುಳಿದ ಗುರುವಾರ.
ನಿನ್ನ ತಮ್ಮ, ಜೋಸೆಫನ್ನ ಹೊರಗೆ ತಂದ
ಮಾರನೇ ಬೆಳಿಗ್ಗೆ.'
ನೆಲುವಿನಲ್ಲಿ ಚೊಂಬು ಕಿಣಿಕಿಣಿ ಅಂದರೆ ಸಾಕು,
ಒಲೆ ಆರಿಸದೆ ಗೇಟಿಗೆ ಓಡುತ್ತಿದ್ದಳು,
ಬೀದಿಯ ಹೆಂಗಸರೆಲ್ಲ ಓಡುತ್ತಿದ್ದರು,
ಹಾಲು ಉಕ್ಕಿದ್ದು ಹಿಂತಿರುಗಿದ ಮೇಲೇ ಗೊತ್ತಾಗುತ್ತಿತ್ತು.

ಎರಡು ಸಾವಿರದ ಒಂದು, ಫೆಬ್ರವರಿ ಇಪ್ಪತ್ತೆಂಟು, ಬುಧವಾರ.
'ಬೆಳಕು ಚದುರುವ ಬಗೆ ಕಂಡುಕೊಂಡ ದಿನ.
ರಾಷ್ಟ್ರೀಯ ವಿಜ್ಞಾನ ದಿನಾಚರಣೆ.'
ಗುಂಡಗೆ ಬರೆದೆ.
ಮೇಷ್ಟ್ರು ನೀರಿನ ಲೋಟದ ಮೇಲೆ ಟಾರ್ಚು ಬಿಟ್ಟು ತೋರಿಸಿದರು,
ಮೂವತ್ತು ಮಕ್ಕಳು ಬಾಗಿ ನೋಡಿದೆವು.

ಸಂಜೆ ಅಪ್ಪ ಹಿತ್ತಾಳೆ ಬಿಲ್ಲೆಯೊಂದಿಗೆ ಬಂದ.
ಹೆಡ್‌ಲೈಟು ಕೊಟ್ಟುಬಿಟ್ಟನಂತೆ, ಬಿಲ್ಲೆ ಯಾರೂ ಕೇಳಲಿಲ್ಲ.
ಕೈಕಾಲು ತೊಳೆಯದೆ ಕ್ಯಾಲೆಂಡರಿನ ಮುಂದೆ ನಿಂತ.
'ಹೋದ ವರ್ಷ ಇಪ್ಪತ್ತೊಂಬತ್ತು ಇತ್ತಲ್ಲಮ್ಮ?'
ಇತ್ತು.
'ಈ ಸಲ ಇದ್ದಿದ್ರೆ ಇನ್ನೊಂದು ಶಿಫ್ಟ್.'
ಅವ್ವ ನಕ್ಕಳು, ತಡೆಯಲಾಗದೆ; ಆಮೇಲೆ
ಮುಖಕ್ಕೆ ಸೆರಗು ಹಿಡಿದು ಒಳಗೆ ಹೋದಳು.
ಆ ರಾತ್ರಿ ಸೈರನ್ನಿಲ್ಲದೆ ಬೀದಿಗೆ ಗಂಟೆ ಎಷ್ಟೆಂದು ತಿಳಿಯಲಿಲ್ಲ.

ಮಾರನೆಯ ದಿನ ಕೇಳಿದೆ: ಸಾರ್, ನಮ್ಮದು ಬರೆಯೋಣವಾ?
ಅವರೆಂದರು: 'ಇತಿಹಾಸ ಆಗೋಕೆ ಸ್ವಲ್ಪ ಹಳೇದಾಗಬೇಕು.'
ಕೋಪ ಬಂತು. ಚೌಕ ಖಾಲಿ ಬಿಟ್ಟು ಕೂತೆ.
ಅವರೂ ಬರೆಯಲಿಲ್ಲ.

ಹೈಸ್ಕೂಲು ಸೇರಿ ಎಷ್ಟೋ ದಿನದ ಮೇಲೆ
ಅಂಕಪಟ್ಟಿಗೆ ಸಹಿ ಬೇಕಾಗಿ ಹೋದಾಗ
ಮೇಜಿನ ಮೇಲೆ ಅದೇ ಕೆಂಪು ಡೈರಿ.
ಅವರು ಸೀಲು ಹುಡುಕುತ್ತಿದ್ದರು, ನಾನು ಪುಟ ಹುಡುಕಿದೆ.
ಬೆಳಕು ಚದುರಿದ ಸಾಲಿನ ಕೆಳಗೆ
ಗಣಿ ನಿಂತಿದ್ದು, ಇಸವಿ, ಕೊನೆಯ ಪಾಳಿ,
ಅದರ ಕೆಳಗೆ ನಮ್ಮ ಕ್ಲಾಸಿನ ಅಪ್ಪಂದಿರ ಹೆಸರು ಹನ್ನೊಂದು,
ಏಳನೆಯದು ಏಳುಮಲೈ.

ಎಲ್ಲ ಪೆನ್ಸಿಲಿನಲ್ಲಿ, ತೆಳ್ಳಗೆ.
ಇಂಕಿನಲ್ಲಿ ಯಾಕೆ ಬರೀಲಿಲ್ಲ ಸಾರ್?

ಸೀಲಿಗೆ ಉಸಿರು ಊದಿ ಒತ್ತಿದರು ಮೇಷ್ಟ್ರು.
'ಮತ್ತೆ ತೆಗೆದ್ರೆ ಅಳಿಸಬೇಕಲ್ಲಮ್ಮ.'