ಮೂವತ್ತೆಂಟು ಮಿಲಿಮೀಟರ್

ಜಬ್ಜೆಯ ಟ್ರಾಮ್ ನಿಲ್ದಾಣಕ್ಕೆ ಬೆನ್ನು ಹಾಕಿ ನಿಂತಿದೆ
ಬೀಗದಕೈ ಕೊರೆಯುವ ನನ್ನ ಗೂಡಂಗಡಿ.
ಒಬ್ಬರು ಬಂದರೆ ತುಂಬಿತು, ಇಬ್ಬರಾದರೆ ಜಗಳ.
ನವೆಂಬರಿನಲ್ಲಿ ನಾಲ್ಕಕ್ಕೇ ಕತ್ತಲು.
ಆ ಹೊತ್ತಿಗೆ ಬಂದ ಎವಾಲ್ಡ್, ಟೋಪಿ ತೆಗೆದು,
ಒಂದು ಕೆಮ್ಮು ಮುಗಿಸಿ,
'ಒಟಿಲ್ಯಾ, ಎಲ್ಲಕ್ಕಿಂತ ಚಿಕ್ಕ ಟಾರ್ಚು ಯಾವುದು?' ಅಂದ.

ಚಿಕ್ಕದು ಅಂದರೆ ಏನಂತ ಹೇಳಲಿ.
ಉದ್ದದಲ್ಲೋ, ದಪ್ಪದಲ್ಲೋ,
ಜೇಬಿನಲ್ಲಿದೆಯೆಂಬುದೇ ಮರೆತುಹೋಗುವುದರಲ್ಲೋ?
ಕನ್ನಡಕ ಒರೆಸುವ ಬಟ್ಟೆ ಹಾಸಿ
ಐದನ್ನು ಸಾಲಾಗಿ ಮಲಗಿಸಿದೆ,
ಪಕ್ಕಕ್ಕೆ, ಅಳತೆಗಿರಲಿ ಎಂದು, ಒಂದು ಜ್ಲೋಟಿ ನಾಣ್ಯ.

ಇದು ಗುಂಡಿಸೆಲ್ಲಿನದು, ಚಪ್ಪಟೆ, ಅವರೆಕಾಳಿಗಿಂತ ತುಸು ದೊಡ್ಡದು;
ಹಿಂಡಿದರೆ ನೀಲಿ ಉಗುಳುತ್ತದೆ, ಬಿಟ್ಟರೆ ಇಲ್ಲ.
ಇದೋ, ಒಂದೇ ಸಣ್ಣ ಸೆಲ್ಲಿಗೆ ಮೈಗೊಪ್ಪುವಂತೆ ಹೊಲಿದ ಅಂಗಿ,
ತಲೆ ತಿರುವಿದರೆ ಹೊತ್ತಿಕೊಳ್ಳುತ್ತೆ.
ಮೂರ್ತಿ ಚಿಕ್ಕದು, ಬೆಳಕು ದೊಡ್ಡದು ನೋಡು ಅಂದೆ.
ಅವನು ನಗಲಿಲ್ಲ.
ಪೆಟ್ಟಿಗೆಯ ಮೇಲಿನ ಅಂಕಿ ಓದಿ,
'ಇದರಲ್ಲಿ ಬಳೆ ಸೇರಿಸಿದ್ದಾರಾ?' ಅಂತ ಕೇಳಿದ.
ಸೇರಿಸಿರಲಿಲ್ಲ. ಯಾರೂ ಸೇರಿಸುವುದಿಲ್ಲ.
ಅಪ್ಪನ ವರ್ನಿಯರ್ ತೆಗೆದೆ.

ಗಣಿಯಲ್ಲಿ ಮೂವತ್ತೊಂದು ವರ್ಷ
ಎರಡು ಕಿಲೋ ಸೆಲ್ಲು ಸೊಂಟಕ್ಕೆ, ವೈರು ಬೆನ್ನ ಮೇಲೆ,
ಹಣೆಯಲ್ಲಿ ದೀಪ.
ಸೊಂಟದ ಆ ಜಾಗದಲ್ಲಿ ಇವತ್ತಿಗೂ ಕೂದಲು ಬೆಳೆಯುವುದಿಲ್ಲವಂತೆ.
'ಕೆಳಗೆ ಯಾರ ಮುಖವನ್ನೂ ನೆಟ್ಟಗೆ ನೋಡುವಂತಿಲ್ಲ,
ನೋಡಿದರೆ ಅವನ ಕಣ್ಣು ಕುರುಡು, ಬೈಗುಳ ನಮಗೆ.
ಪಕ್ಕಕ್ಕೆ ನೋಡಿ ಮಾತಾಡೋದು ಅಭ್ಯಾಸವಾಯ್ತು.
ಹಿಲ್ಡಾ ಈಗಲೂ ಕೇಳ್ತಾಳೆ,
ಗೋಡೆಗೆ ಹೇಳ್ತಿದ್ದೀಯಾ, ನನಗಾ?'
ಇದನ್ನೂ ಅವನು ಹೇಳಿದ್ದು ನನ್ನ ಕೊರೆಯುವ ಯಂತ್ರಕ್ಕೆ.

ಮತ್ತೆ ಇಷ್ಟು ಚಿಕ್ಕದು ಯಾಕೆ?

ಅವನ ಕಟ್ಟಡದ ಮೆಟ್ಟಿಲಿಗೆ ಗುಂಡಿ ಒತ್ತಿದರೆ
ನಲವತ್ತು ಸೆಕೆಂಡು ಬೆಳಕು.
ಒಂದು ಕಾಲಕ್ಕೆ ನಾಲ್ಕನೇ ಮಹಡಿ ಮುಟ್ಟಿ
ಬಾಗಿಲು ತೆಗೆದು ಬೂಟು ಬಿಚ್ಚಿದರೂ ಮಿಗುತ್ತಿತ್ತು.
ಈಗ ಎರಡನೇ ತಿರುವಿಗೇ ಟಪ್ಪೆಂದು ಕತ್ತಲು,
ಎದೆಯೊಳಗೆ ಇನ್ನೂ ಇಳಿಯದ ಕಲ್ಲಿದ್ದಲು,
ಕೈಗೆ ಗೋಡೆ.
ಹಿಲ್ಡಾಗೆ ಗೊತ್ತಾಗಬಾರದು.
ಪ್ಯಾಂಟು ಒಗೆಯುವಾಗ ಅವಳ ಕೈಗೆ
ಬರಿ ಬೀಗದಕೈ ಸಿಕ್ಕಂತಿರಬೇಕು.

ಒಂದೊಂದನ್ನೇ ಮುಷ್ಟಿಯಲ್ಲಿ ಮುಚ್ಚಿ ತೆರೆದ.
ಅವರೆಕಾಳು ಅವನ ಹೆಬ್ಬೆರಳಿಗೆ ಸಿಗಲೇ ಇಲ್ಲ,
ಬಟ್ಟೆಯ ಮೇಲೆ ಜಾರಿತು, ಹುಡುಕಿಕೊಟ್ಟೆ.
ನಾಲ್ಕನೆಯದನ್ನು ಎತ್ತಿದವನು
ಯಾಕೋ ಎಡಗೈಯ ಮೋಟು ತೋರುಬೆರಳಿಗೆ ಅದನ್ನು ಕೂರಿಸಿ
ಬಲಗೈಯ ತೋರುಬೆರಳಿಗೆ ಜೋಡಿಸಿ ನೋಡಿದ.
ಸರಿಯಾಗಿತ್ತು. ಸಮ.
ತುದಿಯಲ್ಲಿ ಉಗುರಿನ ಬದಲು ಗಾಜು.

ನಾನು ಮೇಜಿನ ಮೇಲಿನ ಹಿತ್ತಾಳೆ ಪುಡಿ ಒರೆಸುತ್ತಾ ಕೂತೆ.

'ಎಷ್ಟು?' ಅಂದ.
ಮೂವತ್ತೆಂಟು, ಬಳೆ ಬಿಟ್ಟು.
'ಡಾಕ್ಟರು ನಲವತ್ತು ಅಂತ ಬರೆದಿದ್ದ,
ನಲವತ್ತಕ್ಕೇ ಕಂಪನಿ ಪರಿಹಾರ ಕೊಟ್ಟಿತು.
ಎರಡು ಮಿಲಿಮೀಟರ್ ಲಾಭ ಒಟಿಲ್ಯಾ, ಯಾರಿಗೂ ಹೇಳಬೇಡ.'
ನಗು ಕೆಮ್ಮಾಗಿ, ಕೆಮ್ಮು ನಗುವಾಗಿ,
ಚಿಲ್ಲರೆ ಎಣಿಸಿಕೊಡಲು ಹೊತ್ತು ಹಿಡಿಯಿತು.
ಬೀಗದಕೈ ಗೊಂಚಲಿಗೆ ನಾನೇ ಸಿಕ್ಕಿಸಿದೆ:
ಮನೆಯದು, ನೆಲಮಾಳಿಗೆಯದು,
ಪಾರಿವಾಳದ ಗೂಡಿನದು. ಪಾರಿವಾಳ ಮಾರಿ ಆರು ವರ್ಷ.

ಬಿಲ್ಲು ಬರೆಯುವಾಗ ನೋಡಿದೆ,
ಅವನು ಕೇಳಿದ್ದು ಎಲ್ಲಕ್ಕಿಂತ ಚಿಕ್ಕದು,
ಕೊಂಡದ್ದು ಚಿಕ್ಕದರಿಂದ ನಾಲ್ಕನೆಯದು.

ಷಟರ್ ಎಳೆಯಲು ಹೊರಗೆ ಬಂದಾಗ
ಬೀದಿಯಾಚೆ ಅವನ ಕಟ್ಟಡದ ಮೆಟ್ಟಿಲ ಕಿಟಕಿಗಳು
ಉದ್ದಕ್ಕೆ ಹೊತ್ತಿ, ಒಟ್ಟಿಗೆ ಆರಿದವು.
ಎರಡಕ್ಕೂ ಮೂರಕ್ಕೂ ನಡುವೆ
ಒಂದು ಚುಕ್ಕೆ ಬಿಳಿ.
ಏರಲಿಲ್ಲ, ಇಳಿಯಲಿಲ್ಲ.
ಟ್ರಾಮ್ ಒಂದು ಬಂತು, ಜನ ಇಳಿಸಿತು, ಹೋಯಿತು.
ಕೈಯಲ್ಲಿ ಇನ್ನೂ ವರ್ನಿಯರ್ ಇತ್ತು,
ಜೇಬಿಗೆ ಹಾಕಿಕೊಂಡೆ.
ಚುಕ್ಕೆ ಒಮ್ಮೆ ಗೋಡೆ ಸವರಿ
ಮೇಲಕ್ಕೆ ಹೊರಟಿತು.