ಒಂದು ದೀರ್ಘ

ಗ್ರಿಮ್ಸ್‌ಬಿಯಲ್ಲಿ, ಪಬ್ಬಿನ ಮಹಡಿಯ ಮೇಲೆ
ಹದಿನಾಲ್ಕು ಕುರ್ಚಿ, ಒಂಬತ್ತು ಜನ.
ಅದರಲ್ಲಿಬ್ಬರು ಕೆಳಗೆ ಜಾಗ ಸಿಗದೆ ಬಂದವರು.
ನಾನು ಮೂಲೆಯಲ್ಲಿ ಕೂತು
ನನ್ನದೇ ಪುಸ್ತಕದ ನಲವತ್ತೊಂದನೇ ಪುಟ ತೆರೆದು
ಪೆನ್ನಿನಿಂದ ತಿದ್ದುತ್ತಿದ್ದೇನೆ, ಒಂದೊಂದೇ ಪ್ರತಿ.

'ಓ ಕಡಲೇ' ಎಂದು ಬರೆದಿದ್ದೆ.
ಅಚ್ಚಾದದ್ದು 'ಓ ಕಡಲೆ'.
ಒಂದು ದೀರ್ಘ ಬಿದ್ದುಹೋಗಿ
ಉತ್ತರ ಸಮುದ್ರ ಪೂರ್ತಿ
ಪೊಟ್ಟಣದೊಳಗೆ.

ಗದಗಿಗೆ ಫೋನು ಮಾಡಿದೆ. ಪ್ರೆಸ್ಸಿನ ಅಂದಾನಪ್ಪ
'ಇರಲಿ ಬಿಡ್ರಿ ಅಕ್ಕಾರ, ಓದೋರು ತಿಳ್ಕೋತಾರ' ಎಂದ.
ಐನೂರು ಪ್ರತಿ. ದುಡ್ಡು ನನ್ನದೇ,
ಆಸ್ಪತ್ರೆಯ ಎರಡು ಚಳಿಗಾಲದ ರಾತ್ರಿಪಾಳಿ.
ಓದಿದವರೊಬ್ಬರು ರಾಣೆಬೆನ್ನೂರಿನಿಂದ ಬರೆದರು:
ಕಡಲೆಯ ಬಗ್ಗೆ ಇಷ್ಟು ಗಂಭೀರ ಪದ್ಯ
ತಾವು ಈತನಕ ಕಂಡಿರಲಿಲ್ಲವೆಂದು.
ಅದೊಂದೇ ವಿಮರ್ಶೆ. ಎತ್ತಿಟ್ಟಿದ್ದೇನೆ.

ಮೊಯ್ರಾ ಹೆಸರು ಕರೆಯುತ್ತಾಳೆ.
ಅನಸೂಯಾ ಎಂಬುದು ಅವಳ ಬಾಯಲ್ಲಿ
ಆನಾ, ಸೂ ಎಂದು ಇಬ್ಬರಾಗುತ್ತದೆ.
ಇಬ್ಬರೂ ಎದ್ದು ಮೈಕಿನ ಹತ್ತಿರ ಹೋಗುತ್ತೇವೆ.

ಮೊದಲು ಕನ್ನಡ ಓದಿದೆ.
ಇಂಗ್ಲಿಷು ಬರೆದಿಟ್ಟ ಹಾಳೆ ಕಾಣೆ.
ಚೀಲ, ಕೋಟು, ಮತ್ತೆ ಚೀಲ.
ಕೆಳಗೆ ಟೀವಿಯಲ್ಲಿ ಯಾರೋ ಗೋಲು ಹೊಡೆದು
ನೆಲವೇ ಅದುರಿತು.
'ತಡೀರಿ, ತಡೀರಿ, ಎಲ್ಲಿ ಹೋಯ್ತು ಇದು'
ನನಗೆ ನಾನೇ ಅಂದುಕೊಂಡದ್ದು,
ಮೈಕು ಅದನ್ನೂ ಬಿಡಲಿಲ್ಲ.
ಸಿಕ್ಕಿತು ಕೊನೆಗೆ, ಯಾರದೋ ಜ್ವರದ ಚಾರ್ಟಿನ ಬೆನ್ನಿಗೆ.
ಓದಿದೆ. ಚಪ್ಪಾಳೆ ಎಣಿಸಬಹುದಿತ್ತು.

ಮುಗಿದ ಮೇಲೆ ಸಿರಿಲ್ ಬಂದ. ಎಂಬತ್ತರ ಹತ್ತಿರ,
ಒಂದು ಕಾಲಕ್ಕೆ ಐಸ್‌ಲ್ಯಾಂಡಿನವರೆಗೂ ಮೀನಿಗೆ ಹೋದವನು.
ಬಲಗೈಯಲ್ಲಿ ಮೂರೇ ಬೆರಳು.
ಆ 'ತಡೀರಿ ತಡೀರಿ' ಸಾಲು, ಎಂದ,
ಅದು ಕಡಲಿನದೇ ಸದ್ದು. ಉಳಿದದ್ದು ತಿಳಿಯಲಿಲ್ಲ.
ಹೌದು ಎಂದೆ.
ಬೇರೇನು ಹೇಳಲಿ.

ಐದು ಪೌಂಡು ಕೊಟ್ಟು ಪುಸ್ತಕ ಕೊಂಡ,
ಒಂದಕ್ಷರ ಬಾರದವನು.
ನಲವತ್ತೊಂದು ತೆರೆದು ಪೆನ್ನು ಹಿಡಿದೆ.
ಏನದು ಬಾಲ? ಎಂದು ಬಗ್ಗಿದ.
ಇದಿದ್ದರೆ ದನಿ ಇನ್ನೂ ಒಂಚೂರು ಹೊತ್ತು ನಿಲ್ಲುತ್ತದೆ, ಎಂದೆ.
ದಡದಿಂದ ದೋಣಿಯನ್ನು ಕೂಗಿದ ಹಾಗೋ?
ಹಾಗೇ.
ಕೊಡಿಲ್ಲಿ, ಎಂದ.
ಮೂರು ಬೆರಳಲ್ಲಿ ಹಿಡಿದು, ತೋರಿಸಿದ ಜಾಗದಿಂದ
ಅವನೇ ಎಳೆದ, ಸಾಲು ಬಿಟ್ಟು, ಅಂಚು ದಾಟಿ,
ಎದುರು ಪುಟಕ್ಕೂ.

ಹತ್ತೂಕಾಲರ ಬಸ್ಸಿಗೆ ಓಡಿದೆ.
ಚೀಲದಲ್ಲಿ ಹತ್ತೊಂಬತ್ತು ಪ್ರತಿ.
ಏಳಕ್ಕೆ ಇನ್ನೂ ದೀರ್ಘ ಕೊಟ್ಟಿರಲಿಲ್ಲ.